ನನ್ನ ಪಾಲಿನ ಒಂದು ಎಳೆತ

ಕಳೆದ ತಿಂಗಳು ಒಂದು ಭಾನುವಾರ, ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ, ನನ್ನ ಮೋಟಾರಿನ ಹಿಂದಿನ ಸೀಟಿನಲ್ಲಿ ನಮ್ಮಮ್ಮ ಪೂರ್ತಿ ಐದು ನಿಮಿಷ ಮಾತಾಡದೆ ಕೂತಿದ್ದಳು.

ಅಮ್ಮನನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಡಾಕ್ಟರನ್ನು ಕರೆಯಲು ಓಡುತ್ತಾರೆ. ನಾನು ಓಡಲಿಲ್ಲ. "ಆಹಾ, ಎಂಥಾ ಶಾಂತಿ!" ಎಂದುಕೊಂಡು ಸ್ಟಿಯರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ರೈಲು ಹಾದುಹೋಗಲಿ ಎಂದು ಕಾಯುತ್ತಿದ್ದೆ. ವಕೀಲನ ಬುದ್ಧಿ ಅಂದರೆ ಇದು. (ಎದುರಿನವರು ಮಾತಾಡುತ್ತಿಲ್ಲ ಅಂದರೆ ಒಪ್ಪಿಕೊಂಡರು ಎಂದೇ ನಮ್ಮ ಭಾವನೆ.)

ಆ ಐದು ನಿಮಿಷದ ಕಥೆ ಹೇಳಬೇಕಾದರೆ ಮೂರು ತಿಂಗಳು ಹಿಂದಕ್ಕೆ ಹೋಗಬೇಕು. ಜೊತೆಗೆ ಮೋಟಾರಿನ ಅಡಿಗೂ ನುಸುಳಬೇಕು. ಪಂಚೆಗೆ ಗ್ರೀಸ್ ಮೆತ್ತಿಕೊಂಡರೆ ನನ್ನನ್ನು ಬೈಯಬೇಡಿ.

ಮೋಟಾರಿನ ವಿಷಯ ನಿಮಗೆ ಹೊಸದಲ್ಲ. ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಮಾರಿದ್ದನ್ನು ನಾನು ಕೊಂಡದ್ದು, ಪತ್ರಿಕೆಯ ಇದೇ ಜಾಗದಲ್ಲಿ ಅದರ ಬಗ್ಗೆ ಮೂರು ವಾರ ಜಂಬ ಕೊಚ್ಚಿದ್ದು, ನಿಮ್ಮಲ್ಲಿ ಕೆಲವರು ಕಾಗದ ಬರೆದು "ಸಾಕು ಸ್ವಾಮಿ" ಎಂದದ್ದು, ಎಲ್ಲ ಆಗಿದೆ. ಮೇಲೆ ಕ್ಯಾನ್ವಾಸಿನ ಹೊದಿಕೆ. ಹಿಂದಿನ ಸೀಟಿನ ಎರಡೂ ಪಕ್ಕಕ್ಕೆ ಧೂಳು ತಡೆಯಲು ಇಳಿಸಿ ಕಟ್ಟುವ ಪರದೆ. ಪ್ರತಿ ಭಾನುವಾರ ನಾನೂ ನನ್ನ ಹೆಂಡತಿ ರತ್ನಮ್ಮನೂ ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರುವುದು ವಾಡಿಕೆ. ನಾನು ಮುಂದೆ, ಗಾಳಿಗೆ ಮುಖ ಕೊಟ್ಟುಕೊಂಡು. ಅವಳು ಹಿಂದೆ, ಪರದೆ ಇಳಿಸಿಕೊಂಡು. ಗಂಡನ ಪಕ್ಕ ಕೂತು ಊರೊಳಗೆ ಬಂದರೆ ಅಮ್ಮ ಏನಂದಾಳು?

ಒಂದು ಭಾನುವಾರ ದಾರಿಯ ಹಳ್ಳದಲ್ಲಿ ಗಾಡಿ ಕುಕ್ಕರಿಸಿತು. ಅಲ್ಲಿಂದ ಬೂದಿಕೋಟೆ ತನಕ ಅಡಿಯಿಂದ ಫಟ್ ಫಟ್ ಸದ್ದು. ಎಂಜಿನ್ನಿನ ಹೊಗೆ ತರುವ ಕೊಳವೆಯೂ ಸದ್ದು ಅಡಗಿಸುವ ಸೈಲೆನ್ಸರ್ ಡಬ್ಬಿಯೂ ಹಿಂದಿನ ಸೀಟಿನ ಕಾಲಡಿಯಲ್ಲೇ ಕೂಡುತ್ತವೆ. ಮೂರೇ ಬೋಲ್ಟು. ನಡುವೆ ಹೊಗೆ ಸೋರದಿರಲಿ ಎಂದು ತೆಳ್ಳನೆಯದೊಂದು ಪ್ಯಾಕಿಂಗ್. ಒಂದು ಬೋಲ್ಟು ಸ್ವಲ್ಪ ಸಡಿಲವಾಗಿತ್ತು, ಅಷ್ಟೆ.

ಅಷ್ಟೆ ಎಂದು ಸುಮ್ಮನಾಗಲು ಅಲ್ಲಿ ಮುನಿವೆಂಕಟ ಇದ್ದನಲ್ಲ!

ಮುನಿವೆಂಕಟ ನನ್ನ ಚಿಕ್ಕಪ್ಪನ ಮಗ. ವಾರವೆಲ್ಲ ನೆಲದಾಳಕ್ಕಿಳಿಯುವ ಗಣಿಯ ಶಾಫ್ಟಿನಲ್ಲಿ ಕೆಲಸ, ಭಾನುವಾರ ಊರು. ಸದ್ದು ಕೇಳಿದ್ದೇ ತಡ, ಸ್ಪ್ಯಾನರ್ ಕಿತ್ತುಕೊಂಡು ಅಡಿಗೆ ನುಗ್ಗಿದ. ಬಿಗಿದ. ಮತ್ತೂ ಬಿಗಿದ. ಬೋಲ್ಟು ಕುಯ್ ಎಂದು ನರಳಿತು.

"ಸಾಕು ಬಿಡೋ" ಅಂದೆ.

"ಸಾಕು ಅನ್ನೋ ಮಾತು ನಮ್ಮಲ್ಲಿಲ್ಲ ಅಣ್ಣಯ್ಯ. ಶಾಫ್ಟ್‌ನಾಗೆ ಒಂದ್ ಬೋಲ್ಟು ಲೂಸಾದ್ರೆ ಕೆಳ್ಗಿರೋನ ತಲೆ ಓಯ್ತದೆ. ಅದ್ಕೇ ನಮ್ ಗ್ಯಾಂಗ್‌ನಾಗೆ ಯಾರ್ ಬಿಗುದಿದ್ರೂ ಸರೆ, ಆ ದಾರೀಲಿ ಓಗೋರೆಲ್ಲ ಒಂದೊಂದ್ ಎಳ್ತ ಎಳ್ದೇ ಓಗ್ಬೇಕು. ನನ್ ಪಾಲಿಂದು ನಾನು, ನಿನ್ ಪಾಲಿಂದು ನೀನು!"

ಶಾಫ್ಟಿನಲ್ಲಿ ಅದು ಒಳ್ಳೆಯ ಪದ್ಧತಿಯೇ. ಅಲ್ಲಿನ ಬೋಲ್ಟು ಮಣಿಕಟ್ಟಿನಷ್ಟು ದಪ್ಪ. ನನ್ನ ಸೈಲೆನ್ಸರಿನದು ಕಿರುಬೆರಳಿನಷ್ಟು. ಈ ವ್ಯತ್ಯಾಸ ಯಾರಿಗೆ ಹೊಳೆಯಬೇಕು? ಮುನಿವೆಂಕಟ ಹೊರಗೆ ಬಂದ, ಅವನ ಗ್ಯಾಂಗಿನ ಗೆಳೆಯನೊಬ್ಬ ಒಳಗೆ ಹೋದ. ಅವನಾದ ಮೇಲೆ ಗಣಿ ಬಿಟ್ಟು ಹತ್ತು ವರ್ಷವಾದ ಮುನಿವೆಂಕಟನ ಮಾವ, ಸೊಂಟ ಹಿಡಿದಿದ್ದರೂ ಬಿಡದೆ, ತನ್ನ ಪಾಲಿನದನ್ನು ಎಳೆದು ಬಂದ. ಎಲ್ಲರೂ ನನ್ನ ಮುಖ ನೋಡಿದರು. ಮೋಟಾರಿನ ಯಜಮಾನ ನಾನು, ಹಿಂದೆ ಬೀಳುವುದುಂಟೆ? ಕೋಟು ಬಿಚ್ಚಿಟ್ಟು ನಾನೂ ಒಂದು ಎಳೆದೆ. ಸದ್ದು ನಿಂತಿತು. ಕಾಫಿ ಕುಡಿದೆವು.

ವಾಪಸು ಬರುವಾಗ ರತ್ನಮ್ಮ, "ರೀ, ಯಾಕೋ ತಲೆ ಸಿಡೀತೈತೆ. ಏನೋ ವಾಸ್ನೆ" ಅಂದಳು.

"ಮೋಟಾರಿನಲ್ಲಿ ಮೋಟಾರಿನ ವಾಸನೆಯೇ ಬರುವುದು, ಮಲ್ಲಿಗೆಯದಲ್ಲ" ಎಂದೆ. ನನಗೇ ಆ ಮಾತು ಎಷ್ಟು ಇಷ್ಟವಾಯಿತೆಂದರೆ ಮಾರನೆಯ ದಿನ ಕೋರ್ಟಿನಲ್ಲಿ ಇಬ್ಬರಿಗೆ ಹೇಳಿ ನಗಿಸಿದೆ.

ಮುಂದಿನ ಭಾನುವಾರ ಮತ್ತೆ ತಲೆನೋವು. ಅದರ ಮುಂದಿನ ಭಾನುವಾರ ತಲೆನೋವಿನ ಜೊತೆಗೆ ವಾಂತಿ. ಅಮ್ಮ ಮೊದಲು ಖುಷಿಯಾಗಿ ಬೆರಳು ಎಣಿಸಿದಳು. (ನಮಗೆ ಆಗಲೇ ನಾಲ್ಕು ಮಕ್ಕಳು. ಎಣಿಸುವ ಉತ್ಸಾಹ ಅಮ್ಮನಿಗೆ ಮಾತ್ರ ಉಳಿದಿದೆ.) ಅದಲ್ಲ ಎಂದು ಗೊತ್ತಾದ ಮೇಲೆ ಮುಖ ಗಂಟಿಕ್ಕಿಕೊಂಡಳು.

"ವಾರವೆಲ್ಲ ಗುಂಡುಕಲ್ಲಂಗಿರ್ತಾಳೆ. ನನ್ ವಸ್ಲು ತುಳ್ಯೋ ದಿನವೇ ತಲೆ ನೋಯ್ತದಾ ಇವ್ಳಿಗೆ?"

ನಾನೇನು ಮಾಡಿದೆ? ತನಿಖೆ ಮಾಡಿದೆ. ಹೆಂಡತಿಯನ್ನು ಕೂರಿಸಿಕೊಂಡು ಪಾಟೀಸವಾಲು.

"ತಲೆನೋವು ಬೂದಿಕೋಟೆಗೆ ಹೋಗುವಾಗ ಬರುತ್ತದೋ, ಬರುವಾಗಲೋ?"

"ಎರಡೂ ಸಲ."

"ಉರಿಗಾಮಿನ ನಿನ್ನ ತವರಿಗೆ ರೈಲಿನಲ್ಲಿ ಹೋಗುತ್ತೀಯಲ್ಲ, ಆಗ?"

"ಬರಲ್ಲ."

ಮುಗಿಯಿತು! ಅತ್ತೆಮನೆಗೆ ಹೋದರೆ ತಲೆನೋವು, ತವರಿಗೆ ಹೋದರೆ ಇಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಒಂದಕ್ಕೆ ಹೋಗುವುದು ಮೋಟಾರಿನಲ್ಲಿ, ಇನ್ನೊಂದಕ್ಕೆ ರೈಲಿನಲ್ಲಿ ಎಂಬ ಅಲ್ಪ ವಿಷಯ ಕಾನೂನು ಓದಿದವನ ತಲೆಗೆ ಹತ್ತಬೇಕಲ್ಲ. "ಗಾಡೀನ ನಮ್ ತವ್ರ ಬೀದಿ ದೊರೆಸಾಮಿ ಹತ್ರ ತೋರಿಸ್ರಿ. ಗಣಿ ವರ್ಕ್‌ಶಾಪಿನಾಗೆ ಫಿಟ್ಟರಾಗಿದ್ದೋರು" ಎಂದು ಅವಳು ಎರಡು ಸಲ ಹೇಳಿದಳು. ನೋಡಿದಿರಾ, ಮತ್ತೆ ತವರಿಗೆ ಹೋಗುವ ನೆಪ! ನಾನೇನು ದಡ್ಡನೇ?

ಆದರೂ ಕರುಣೆಯಿಲ್ಲದ ಗಂಡ ನಾನಲ್ಲ. ಅವಳು ವಾಸನೆ ಎಂದಾಗಲೆಲ್ಲ ಬೂದಿಕೋಟೆಯಲ್ಲಿ ಬೋಲ್ಟು ಬಿಗಿಸಿದೆ. ಪ್ರತಿ ಭಾನುವಾರ ಮುನಿವೆಂಕಟನ ಎಳೆತ, ಗ್ಯಾಂಗಿನವರ ಎಳೆತ, ಮಾವನ ಎಳೆತ, ಕೊನೆಯಲ್ಲಿ ನನ್ನದು. ಬಿಗಿದಷ್ಟೂ ಅವಳ ತಲೆನೋವು ಜಾಸ್ತಿಯಾಯಿತು. ಅಂದಮೇಲೆ ತಪ್ಪು ಯಾರದು? ಅವಳದೇ.

ಮೂರನೆಯ ತಿಂಗಳ ಹೊತ್ತಿಗೆ ಅಮ್ಮ ತೀರ್ಪು ಕೊಟ್ಟಳು. "ನನ್ ಮಕ ನೋಡಿದ್ರೆ ತಲೆ ನೋಯ್ಸ್ಕೊಳ್ಳೋಳು ತವ್ರಲ್ಲೇ ಇರ್ಲಿ. ಬುದ್ಧಿ ಬಂದಾಗ ಬರ್ಲಿ. ನಿನ್ ಮನೆ, ಮಕ್ಳು, ನಾನ್ ನೋಡ್ಕೊಂತೀನಿ ನಡೀಲಾ."

ನಾನು ಅಪೀಲು ಹಾಕಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ರತ್ನಮ್ಮ ಟ್ರಂಕಿಗೆ ಸೀರೆ ತುಂಬಿಕೊಳ್ಳುವಾಗ ನಾನು ಪಕ್ಕದಲ್ಲೇ ಪೇಪರ್ ಓದುತ್ತಿದ್ದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಚಿಕ್ಕ ಮಗಳು ಬಂದು ಟ್ರಂಕಿನ ಮೇಲೆ ಕೂತಾಗ ಮಾತ್ರ ಅವಳನ್ನು ಎತ್ತಿ ಪಕ್ಕಕ್ಕೆ ಕೂರಿಸಿ, ಬೀಗ ಹಾಕಿದಳು. ಮಕ್ಕಳು ಇಲ್ಲೇ ಉಳಿಯುವುದು ಎಂದೂ ನಾನೇ ಹೇಳಿದ್ದೆ.

ಆ ಭಾನುವಾರ ಬೂದಿಕೋಟೆಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬರುವುದು, ಹಾಗೇ ರತ್ನಮ್ಮನನ್ನು ಉರಿಗಾಮಿನ ಮೇಲೆ ಹೋಗುವ ಸಂಜೆಯ ಮಾರಿಕುಪ್ಪಂ ರೈಲು ಹತ್ತಿಸುವುದು ಎಂದು ನಿಶ್ಚಯ. ಬೂದಿಕೋಟೆಯಲ್ಲಿ ಎಲ್ಲರೂ ಎಂದಿನಂತೆ ತಮ್ಮ ತಮ್ಮ ಪಾಲಿನ ಎಳೆತ ಎಳೆದರು. ಅಮ್ಮ ಕಾಲು ಚಾಚಿಕೊಂಡು ಹಿಂದಿನ ಸೀಟು ತನ್ನದೆಂದಳು. "ಇವತ್ತೊಂದಿನ ಮುಂದೆ ಕುಂತ್ಕೊಂಡ್ ಓಗ್ಲಿ ಬುಡು, ಓಗೋಳಿಗೆ ಯಾಕ್ ಬ್ಯಾಡ ಅನ್ಲಿ" ಎಂದು ಧಾರಾಳವಾಗಿ ಅಪ್ಪಣೆಯಾಯಿತು. ಪರದೆ ಇಳಿಯಿತು. ನಾವು ಹೊರಟೆವು.

ಅರ್ಧ ದಾರಿಯಲ್ಲಿ ಕೇಳಿದೆ, "ತಲೆನೋವು?"

"ಇಲ್ಲ" ಅಂದಳು ರತ್ನಮ್ಮ. ಅವಳಿಗೇ ಆಶ್ಚರ್ಯ.

"ಹೂಂ. ತವರಿಗೆ ಹೊರಟರೆ ಅದೆಲ್ಲಿಂದ ಬರುತ್ತೆ!" ಅಂದೆ ನಾನು. (ದೇವರು ನನಗೆ ಕಾನೂನು ಕೊಟ್ಟು ಬುದ್ಧಿ ಕೊಡಲು ಮರೆತ.)

ಗೇಟು ಹಾಕಿತ್ತು. ಎಂಜಿನ್ ನಿಲ್ಲಿಸಿದರೆ ಮತ್ತೆ ಇಳಿದು ಹ್ಯಾಂಡಲ್ ಹೊಡೆಯಬೇಕಲ್ಲ ಎಂಬ ಸೋಮಾರಿತನಕ್ಕೆ ನಿಲ್ಲಿಸಲಿಲ್ಲ. ನಿಂತ ಗಾಡಿ, ಓಡುವ ಎಂಜಿನ್, ಇಳಿಬಿಟ್ಟ ಪರದೆ. ಹಿಂದೆ ಮೌನ. ನಾನು ತಾಳ ಹಾಕುತ್ತಿದ್ದೆ ಎಂದು ಆಗಲೇ ಹೇಳಿದೆನಲ್ಲ.

ರತ್ನಮ್ಮ ತಿರುಗಿ ನೋಡಿದಳು. "ಅತ್ತೇ?" ಎಂದಳು. ಇನ್ನೊಂದು ಸಲ, ಜೋರಾಗಿ, "ಅತ್ತೇ!"

ಮರುಕ್ಷಣ ಅವಳು ಕೆಳಗಿದ್ದಳು. ಪರದೆಯ ಕಟ್ಟು ಬಿಚ್ಚಲಿಲ್ಲ, ಹರಿದಳು. ಅಮ್ಮನ ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ಕರೆದರೆ ಓ ಇಲ್ಲ. ರತ್ನಮ್ಮ ಎರಡೂ ಕಂಕುಳಿಗೆ ಕೈ ಕೊಟ್ಟು, ತನ್ನ ಒಂದೂವರೆ ಪಟ್ಟು ಭಾರ ಇರುವ ಅತ್ತೆಯನ್ನು ದರದರ ಎಳೆದು ರಸ್ತೆ ಬದಿಯ ಗಾಳಿಗೆ ತಂದು ಮಲಗಿಸಿದಳು. ಗೇಟಿನವನು ನೀರು ತಂದ. ನಾನೇನು ಮಾಡಿದೆ ಎಂದು ಕೇಳಬೇಡಿ. "ಅಮ್ಮಾ, ಅಮ್ಮಾ" ಎಂದು ಸುತ್ತುತ್ತಿದ್ದೆ.

"ಎಂಜಿನ್ ನಿಲ್ಸ್ರೀ ಮೊದ್ಲು!" ಎಂದು ಗದರಿದವಳೂ ಅವಳೇ.

ರೈಲು ಬಂತು, ಹೋಯಿತು; ರತ್ನಮ್ಮ ಹತ್ತಬೇಕಾಗಿದ್ದ ಸಂಜೆಯ ರೈಲಿನ ನೆನಪು ಯಾರಿಗೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು, ವಾಂತಿ ಮಾಡಿಕೊಂಡಳು, ತಲೆ ಹಿಡಿದುಕೊಂಡಳು. "ತಲೆ ಸಿಡೀತೈತೆ ಕಣ್ಲಾ. ಏನೋ ವಾಸ್ನೆ."

ಅಕ್ಷರ ಅಕ್ಷರ ಅದೇ ಮಾತು. ರತ್ನಮ್ಮ ನನ್ನ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಅತ್ತೆಯ ಬಾಯಿ ಒರೆಸಿದಳು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ದಿನ ಬೆಳಿಗ್ಗೆಯೇ ಗಾಡಿ ಉರಿಗಾಮಿನಲ್ಲಿ, ದೊರೆಸಾಮಿಯ ಅಂಗಳದಲ್ಲಿತ್ತು. ಎರಡು ಕೇಸುಗಳ ವಾಯಿದೆ ಮುಂದಕ್ಕೆ ಹಾಕಿಸಿದ್ದೆ. ಮುದುಕ ಅಡಿಗೆ ಹೋಗಿ, ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾರ್ ಸಾರ್ ಇದು ಇಷ್ಟು ಟೈಟ್ ಮಾಡಿದ್ದು?"

"ಎಲ್ಲರೂ" ಅಂದೆ.

"ಅಯ್ಯೋ ಕಡವುಳೇ, ದೇವ್ರೇ. ಎಲ್ಲಾ ಪೋಚ್ಚು, ಎಲ್ಲಾ ಹೋಯ್ತು ಸಾರ್!"

ಮೂರು ಬೋಲ್ಟಿನಲ್ಲಿ ಕೈಗೆ ಸುಲಭವಾಗಿ ಸಿಗುವುದು ಒಂದೇ. ಎಲ್ಲರೂ ತಮ್ಮ ಪಾಲನ್ನು ಅದಕ್ಕೇ ಎಳೆದಿದ್ದರು. ಆ ಕಡೆ ಪ್ಯಾಕಿಂಗ್ ನುಜ್ಜುಗುಜ್ಜು, ಕೊಳವೆಯ ಬಾಯಿಯ ಪಟ್ಟಿ ಬಾಗಿ ಈ ಕಡೆ ಉಗುರು ತೂರುವಷ್ಟು ಸಂದು. ಹೊಗೆಯೆಲ್ಲ ಆ ಸಂದಿನಿಂದ ಹಲಗೆಯ ಬಿರುಕಿಗೆ, ಬಿರುಕಿನಿಂದ ಪರದೆ ಮುಚ್ಚಿದ ಹಿಂದಿನ ಸೀಟಿಗೆ.

"ಬೋಲ್ಟು ರಬ್ಬರ್ ಮಾದಿರಿ ಸಾರ್" ಎಂದ ದೊರೆಸಾಮಿ. "ಸ್ವಲ್ಪ ಎಳೆದ್ರೆ ಹಿಡ್ಕೊಳ್ತದೆ. ಜಾಸ್ತಿ ಎಳೆದ್ರೆ ಸತ್ತೋಗ್ತದೆ. ಸತ್ತ ಬೋಲ್ಟು ಏನ್ ಹಿಡೀತದೆ? ಈ ಹೊಗೆ ತಲೆನೋವ್ ತರ್ತದೆ, ಆಮೇಲೆ ನಿದ್ದೆ ತರ್ತದೆ. ಆ ನಿದ್ದೆಯಿಂದ ಎಲ್ಲಾರೂ ಏಳಲ್ಲ ಸಾರ್. ಎಷ್ಟ್ ದಿನದಿಂದ ಇಂಗೆ?"

"ಮೂರು ತಿಂಗಳು."

"ಮೂರು ತಿಂಗಳು ಹಿಂದೆ ಕೂತಿದ್ದು ಯಾರು?"

ನಾನು ಕೆಮ್ಮಿದೆ.

ಪಟ್ಟಿ ತಟ್ಟಿ ನೆಟ್ಟಗೆ ಮಾಡಿದ, ಹೊಸ ಬೋಲ್ಟು, ಹೊಸ ಪ್ಯಾಕಿಂಗ್ ಹಾಕಿದ. ಬಿಗಿಯುವ ಸಮಯಕ್ಕೆ ಅವನು ತಂದದ್ದೇನು ಗೊತ್ತೇ? ಹುಣಸೆಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿ! ಒಂದಡಿ ಉದ್ದದ ಸ್ಪ್ಯಾನರಿನ ತುದಿಗೆ ಅದರ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಅಡ್ಡಲಾಗಿ ನೇರವಾಗಿ ಎಳೆದ. ಮೊದಲು ಮೂರಕ್ಕೂ ಬೆರಳಲ್ಲೇ. ಆಮೇಲೆ ಒಂದಾದ ಮೇಲೊಂದಕ್ಕೆ ಹತ್ತು ರಾತಲು (ಪೌಂಡು). ಮತ್ತೆ ಸರದಿಯಲ್ಲಿ ಇಪ್ಪತ್ತು. ಮುಳ್ಳು ಇಪ್ಪತ್ತಕ್ಕೆ ಬಂತು, ಕೈ ನಿಂತಿತು. ಬೋಲ್ಟು ನರಳಲಿಲ್ಲ.

"ಇಷ್ಟೇನಾ?" ಎಂದೆ. ನಮ್ಮ ಚಿಕ್ಕವಳೂ ಅಷ್ಟು ಎಳೆದಾಳು.

"ಇಷ್ಟೇ. ನಿಲ್ಸೋದು ಕಷ್ಟ ಸಾರ್, ಎಳ್ಯೋದಲ್ಲ."

ಈಗ ಊರಿನ ಸಮಾಚಾರ. ಅಮ್ಮ ಹುಷಾರಾಗಿದ್ದಾಳೆ. ಬೂದಿಕೋಟೆಯಲ್ಲಿ ಕಂಡಕಂಡವರಿಗೆಲ್ಲ, "ನನ್ ಸೊಸೆ ಮೂರ್ ತಿಂಗಳಿಂದ ಬಡ್ಕೊಂಡ್ಲು, ಈ ಲಾಯರ್ ನನ್ಮಗ ಕೇಳ್ಬೇಕಲ್ಲ!" ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ತೀರ್ಪು ಕೊಟ್ಟವರು ಯಾರು ಎಂಬುದು ಅವಳಿಗೆ ಮರೆತುಹೋಗಿದೆ. ನೆನಪಿಸುವ ಧೈರ್ಯ ನನಗಿಲ್ಲ. ಮುನಿವೆಂಕಟ ಕಳೆದ ಭಾನುವಾರ ಅಭ್ಯಾಸಬಲದಿಂದ ಸ್ಪ್ಯಾನರಿಗೆ ಕೈ ಹಾಕಿದ. ರತ್ನಮ್ಮ ದೊರೆಸಾಮಿಯಿಂದ ತಂದಿದ್ದ ಸ್ಪ್ರಿಂಗ್ ತಕ್ಕಡಿಯನ್ನು ಅವನ ಮುಂದೆ ಹಿಡಿದಳು. "ಇದ್ರಾಗೆ ಎಳ್ಯೋದು ಗಂಡಸ್ರ ಕೆಲ್ಸ ಅಲ್ಲ ಬುಡು ಅತ್ಗೆ" ಎಂದು ಹಿಂದೆ ಸರಿದ.

ಅವಳು ಈಗ ಮುಂದಿನ ಸೀಟಿನಲ್ಲೇ ಕೂರುತ್ತಾಳೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಎಲ್ಲ ಸರಿಹೋಯಿತು ಎಂದು ನಾನು ಸಮಾಧಾನವಾಗಿದ್ದೆ. ಮೊನ್ನೆ ಮಂಚದ ಕೆಳಗೆ ಚಪ್ಪಲಿ ಹುಡುಕುವಾಗ ಟ್ರಂಕು ಕೈಗೆ ತಾಗಿತು. ಎತ್ತಿ ನೋಡಿದೆ, ಭಾರ. ಬೀಗ ಹಾಗೇ ಇದೆ. ಸೀರೆಗಳು ಒಳಗೇ ಇವೆ.

"ಇನ್ನೂ ಯಾಕೆ ಬಿಚ್ಚಿಲ್ಲ?" ಎಂದು ಕೇಳಿದೆ, ಹಗುರವಾಗಿ, ನಕ್ಕುಕೊಂಡು.

ರತ್ನಮ್ಮ ನಗಲಿಲ್ಲ. ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು, ಕೋರ್ಟಿನಲ್ಲಿ ನನಗೆ ಇದುವರೆಗೆ ಯಾರೂ ಹಾಕದ ಒಂದು ಸವಾಲು ಹಾಕಿದಳು:

"ಅವತ್ತು ಅತ್ತೆಗೆ ತಲೆ ನೋಯದೆ ಇದ್ದಿದ್ರೆ, ಇವತ್ತು ನಾನೆಲ್ಲಿರ್ತಿದ್ದೆ ರೀ?"