ಹುಣಸೆಹಣ್ಣಿನಲ್ಲಿ ತೊಳೆದ ಕತ್ತಿ

ಕಳೆದ ವಾರ ಇಲ್ಲಿ ಅಮೆರಿಕದಲ್ಲಿ, ಮಗಳ ಊರು ರಾಕ್‌ವಿಲ್‌ನಲ್ಲಿ, ಡೆಂಟಿಸ್ಟ್ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದೆ. ಎಪ್ಪತ್ತಾರರ ಬಾಯಲ್ಲಿ ಉಳಿದಿರುವುದೇ ನಾಲ್ಕು ಸ್ವಂತ ಹಲ್ಲು. ಅವಕ್ಕೂ ಅಪಾಯಿಂಟ್‌ಮೆಂಟ್ ಬೇಕು. ಅಲ್ಲಿದ್ದ ಹುಡುಗಿ ಹತ್ತಿಯ ಉಂಡೆಯೊಂದನ್ನು ಯಾವುದೋ ಸೀಸೆಯಲ್ಲಿ ಅದ್ದಿ ದವಡೆಗೆ ಒತ್ತಿದಳು. ಲವಂಗದ ಎಣ್ಣೆಯ ವಾಸನೆ ಘಂ ಎಂದು ಏರಿತು. ನನ್ನ ಕಣ್ಣು ತುಂಬಿಕೊಂಡವು. “ನೋವಾಯ್ತಾ?” ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಬಾಯಿಗೆ ಹತ್ತಿ ತುರುಕಿದ ಮೇಲೆಯೇ ಪ್ರಶ್ನೆ ಕೇಳುವುದು ಈ ಡೆಂಟಿಸ್ಟ್ ಜನರ ಪದ್ಧತಿ. ಹೂಂ ಎಂದು ತಲೆಯಾಡಿಸಿದೆ. ಅಣ್ಣ ನೆನಪಾದ ಎಂದು ಆ ಮಗುವಿಗೆ ಹೇಗೆ ಹೇಳಲಿ?

ಜಪಾನಿ ಕತ್ತಿಗಳಿಗೆ ತುಕ್ಕು ಹಿಡಿಯದಿರಲೆಂದು ಲವಂಗದ ಎಣ್ಣೆ ಸವರುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವನು ನನ್ನಣ್ಣ ಶ್ರೀಕಂಠ. ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಔಷಧಿ ಕಂಪನಿಯೊಂದರಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಹಳೆಯ ಜಪಾನಿ ಕತ್ತಿಗಳನ್ನು ಕೂಡಿಡುವುದು, ಯಾವುದು ಯಾವ ಕಾಲದ್ದು, ಯಾವ ಕಮ್ಮಾರನದ್ದು ಎಂದು ಗುರುತಿಸುವುದು ಅವನ ಹುಚ್ಚು. ಅತ್ತಿಗೆ ಇದ್ದಷ್ಟು ದಿನ ಕತ್ತಿಗಳೆಲ್ಲ ಕ್ಲಾಸೆಟ್ಟಿನಲ್ಲಿದ್ದವು. ಅವರು ಹೋದ ಮೇಲೆ ಡೈನಿಂಗ್ ಟೇಬಲ್ಲಿಗೆ ಬಂದವು.

ಈಗ ಅಣ್ಣನೂ ಇಲ್ಲ. ಆದರೆ ಕತ್ತಿ ಬಲ್ಲವರ ನಡುವೆ ಅವನ ಹೆಸರಿಗೊಂದು ಕಳಂಕ ಉಳಿದಿದೆ. ಅದನ್ನು ಹಚ್ಚಿದ ಕೈ ನನ್ನದು. ಹೇಳಬೇಕಾದವರಿಗೆ ಅದನ್ನು ಹೇಳದೆ ಮೂರು ವರ್ಷ ತಳ್ಳಿಬಿಟ್ಟೆ. ನಿಮಗೆ ಮೊದಲು ಹೇಳುತ್ತೇನೆ, ಸ್ವಲ್ಪ ಪ್ರಾಕ್ಟೀಸ್ ಆಗಲಿ.

ಅಪ್ಪನಿಗೆ ಮೈಸೂರಿಗೆ ವರ್ಗವಾದ ವರ್ಷ ನನ್ನನ್ನು ಕಾನ್ವೆಂಟಿಗೆ ಸೇರಿಸಿದರು. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಸರ್ಕಾರಿ ಶಾಲೆಯಲ್ಲೇ ಉಳಿದ. ಮುಂದೆ ಅವನು ಅಮೆರಿಕಕ್ಕೆ ಬಂದು ಡಾಕ್ಟರೇಟ್ ಮಾಡಿದರೂ ಆ ಕಹಿ ಹೋಗಿರಲಿಲ್ಲ. ಜೀವನಪೂರ್ತಿ ನನ್ನನ್ನು ಕರೆದದ್ದು “ಕಾನ್ವೆಂಟು” ಎಂದೇ. ನಮ್ಮ ಶಾಲೆಯ ಸಿಸ್ಟರ್ ಪ್ರತಿ ಸೋಮವಾರ ಉಗುರು, ಶೂ, ಬೆಲ್ಟಿನ ಬಕಲ್ ಮೂರನ್ನೂ ಇನ್‌ಸ್ಪೆಕ್ಟ್ ಮಾಡುತ್ತಿದ್ದರು. ಬಕಲ್ ಮಂಕಾಗಿದ್ದರೆ ಕ್ಲಾಸಿನ ಹೊರಗೆ. ಅಂದಿನಿಂದ ಇಂದಿನವರೆಗೂ ಮಂಕಾದ ಯಾವ ಲೋಹ ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ಮಗಳು ತನ್ನ ಮನೆಯ ಬಾಗಿಲಿನ ಹಿಡಿಗಳನ್ನು ನನ್ನಿಂದ ಕಾಪಾಡಿಕೊಳ್ಳಲು ಪಡುವ ಪಾಡು ಅವಳಿಗೇ ಗೊತ್ತು.

ಕೊರೊನಾ ಬಂದ ವರ್ಷ ಮಗಳು, ಅಳಿಯ ಇಬ್ಬರಿಗೂ ಆಸ್ಪತ್ರೆ ಕೆಲಸ. “ಅಮ್ಮಾ, ನಮ್ಮ ಜೊತೆ ಬೇಡ, ನೀನು ಮಾವನ ಮನೇಲಿ ಇರು” ಎಂದು ಮಗಳೇ ಡ್ರೈವ್ ಮಾಡಿ ಅಣ್ಣನ ಮನೆಯ ಡ್ರೈವ್‌ವೇಯಲ್ಲಿ ನನ್ನನ್ನು ಇಳಿಸಿ, ಕಾರಿನಿಂದ ಇಳಿಯದೆ ಹಿಂತಿರುಗಿದಳು. ಮದುವೆಯಾದ ಮೇಲೆ ಅಣ್ಣ ತಂಗಿ ಹೀಗೆ ಒಂದೇ ಸೂರಿನ ಕೆಳಗೆ ಇದ್ದದ್ದೇ ಇಲ್ಲ. ಅವನು ಅನ್ನಕ್ಕೆ ಇಡುವ ನೀರು ಜಾಸ್ತಿ, ನಾನು ಆಡುವ ಮಾತು ಜಾಸ್ತಿ ಎಂದು ದಿನಾ ಜಗಳ. ಸಂಜೆಯಾದರೆ ಕತ್ತಿಯ ಪಾಠ.

“ಅಲಗಿಗೆ ಬೆರಳು ತಾಗಿಸಬೇಡ. ಮೇಲೆ ಉಸಿರು ಬಿಡಬೇಡ. ಮಾತಂತೂ ಆಡಲೇಬೇಡ, ಎಂಜಲು ಹಾರುತ್ತೆ.”

“ಮಾಸ್ಕ್ ಬಂದದ್ದು ನಿನ್ನ ಕತ್ತಿಗಳಿಗೆ ಒಳ್ಳೇದಾಯ್ತು ಬಿಡೋ.”

“ಇಲ್ನೋಡು, ಅಂಚಿನ ಉದ್ದಕ್ಕೂ ಅಲೆ ಅಲೆಯಾಗಿ ಬೆಳ್ಳಗೆ ಕಾಣುತ್ತಲ್ಲ? ಕಾಣ್ತಿದೆಯಾ?”

“ಟ್ಯೂಬ್‌ಲೈಟ್ ಕಾಣ್ತಿದೆ.”

“ಕಾನ್ವೆಂಟಲ್ಲಿ ಕಣ್ಣು ಬಿಡೋದೊಂದು ಹೇಳಿಕೊಡ್ಲಿಲ್ಲ ನಿಂಗೆ.”

ಹಲವು ದಿನಗಳ ಮೇಲೆ ನಿಜವಾಗಿಯೂ ಕಂಡಿತು. ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದರೆ ಒಳಗಿಂದ ಇನ್ನೊಂದು ಬಣ್ಣ ಏಳುತ್ತದಲ್ಲ, ಹಾಗೆ. ಅಂದು ನಾನು ಎರಡನೇ ಲೋಟ ಕಾಫಿ ಬಗ್ಗಿಸಿಕೊಂಡರೂ ಅಣ್ಣ ಬೈಯಲಿಲ್ಲ.

ಶನಿವಾರಗಳಂದು ಅವನ ಕತ್ತಿ ಬಳಗ ಜೂಮ್‌ನಲ್ಲಿ ಸೇರುತ್ತಿತ್ತು. ಒಬ್ಬರು ಅಲಗನ್ನಷ್ಟೇ ತೋರಿಸುವುದು, ಉಳಿದವರು ಕಮ್ಮಾರ ಯಾರೆಂದು ಹೇಳುವುದು. ಅಣ್ಣನದು ತಪ್ಪುತ್ತಿದ್ದದ್ದು ಅಪರೂಪ. ಅಟ್ಲಾಂಟಾದ ಲ್ಯಾನ್ಸಿ, ಮಂಗಳೂರು ಕಡೆಯವರು, ಅವನನ್ನು ಗುರುವೆಂದೇ ನಡೆಸಿಕೊಳ್ಳುತ್ತಿದ್ದರು. ಅಡುಗೆಮನೆಗೆ ಅಣ್ಣನ ನಗು ಕೇಳಿಸುತ್ತಿತ್ತು. ಹೆಂಡತಿ ಹೋದ ಮೇಲೆ ಅಣ್ಣ ಜೋರಾಗಿ ನಗುತ್ತಿದ್ದದ್ದು ಅಲ್ಲಿ ಮಾತ್ರ.

ಒಂದು ಕತ್ತಿ ಮಾತ್ರ ಅವನಿಗೆ ನಿದ್ದೆ ಕೊಡುತ್ತಿರಲಿಲ್ಲ. ಕೆರೊಲಿನಾದ ಸಣ್ಣ ಊರೊಂದರಲ್ಲಿ, ತೀರಿಹೋದ ಮುದಿ ಸೈನಿಕನೊಬ್ಬನ ಮನೆಯ ಸಾಮಾನು ಮಾರುವಾಗ ಸಿಕ್ಕಿದ್ದು. ಜಪಾನಿನಲ್ಲಿ ಕಮ್ಮಾರರು ಹೆಸರು ಕೆತ್ತುವುದು ಕತ್ತಿಯ ಬುಡದಲ್ಲಿ, ಹಿಡಿಯೊಳಗೆ ಅಡಗಿರುವ ಭಾಗದಲ್ಲಿ. ಇದರ ಬುಡದಲ್ಲಿ ಹೆಸರಿರಲಿಲ್ಲ. “ಇಂಥವನೇ ಅಂತ ನನಗೆ ಗೊತ್ತು ಕಣೇ. ಜಪಾನಿಂದ ಪರೀಕ್ಷೆ ಮಾಡೋರು ಬಂದಾಗ ಅವರ ಬಾಯಲ್ಲಿ ಆ ಹೆಸರು ಬಂದುಬಿಟ್ಟರೆ ಸಾಕು” ಎನ್ನುತ್ತಿದ್ದ. ಅರ್ಜಿಯನ್ನೂ ಬರೆದಿಟ್ಟಿದ್ದ.

ಆಯುಧಪೂಜೆ ಬಂತು. ಕಾರು, ಮಿಕ್ಸಿ, ಹುಲ್ಲು ಕತ್ತರಿಸುವ ಮಿಷನ್, ಅವನ ಲ್ಯಾಪ್‌ಟಾಪ್ ಎಲ್ಲ ಒರೆಸಿದೆ. ಬೂದುಗುಂಬಳಕಾಯಿ ಬೇಕೇ ಬೇಕೆಂದು ಹಟ ಹಿಡಿದು ಅಣ್ಣನನ್ನು ಇಂಡಿಯನ್ ಅಂಗಡಿಗೆ ಓಡಿಸಿದೆ. ಅರ್ಜಿಗೆ ಫೋಟೋ ತೆಗೆಯಲೆಂದು ಬೆಳಿಗ್ಗೆ ಅವನು ಆ ಕತ್ತಿಯ ಹಿಡಿ ಬಿಚ್ಚಿದ್ದ. ಟೇಬಲ್ಲಿನ ಮೇಲೆ ಬಟ್ಟೆ ಹಾಸಿ ಇಟ್ಟಿದ್ದ. ಬುಡ ಕಪ್ಪಗೆ, ಮುಟ್ಟಿದರೆ ಒರಟೊರಟು.

ನಮ್ಮ ಮನೆಗಳಲ್ಲಿ ಪಾತ್ರೆಗೆ ಹೆಸರು ಕೆತ್ತಿಸುತ್ತಿದ್ದದ್ದು ನಿಮಗೆ ನೆನಪಿದೆಯಲ್ಲ? ನಮ್ಮಜ್ಜಿಯ ಹಿತ್ತಾಳೆ ಕೊಳದಪ್ಪಲೆ ಕಿಲುಬು ಹಿಡಿದು ಕೂತಿರುತ್ತಿತ್ತು. ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಒಂದೊಂದೇ ಅಕ್ಷರ ಎದ್ದು ಬಂದು ಅಜ್ಜಿಯ ಹೆಸರು ನಿಲ್ಲುತ್ತಿತ್ತು. ಕತ್ತಿಯಲ್ಲೂ ತುಕ್ಕಿನ ಕೆಳಗೆ ಹೆಸರಿದ್ದರೆ? ಇಷ್ಟು ವರ್ಷ ಹುಡುಕಿದ್ದನ್ನು ಅಣ್ಣ ಬರುವಷ್ಟರಲ್ಲಿ ತೆಗೆದಿಟ್ಟರೆ?

ಅಲಗನ್ನು ಬೆರಳು ತಾಗದಂತೆ ಟವೆಲಿನಲ್ಲಿ ಸುತ್ತಿದೆ. ಹೇಳಿದ್ದನ್ನು ಕೇಳುವ ಹುಡುಗಿ ನಾನು. ಬುಡದ ವಿಷಯ ಅವನು ಏನೂ ಹೇಳಿರಲಿಲ್ಲ. ಹುಣಸೆಹಣ್ಣು, ಉಪ್ಪು, ಪಾತ್ರೆ ತಿಕ್ಕುವ ನಾರು. ಮುಕ್ಕಾಲು ಗಂಟೆ ತಿಕ್ಕಿದೆ. ಹೆಸರು ಬರಲಿಲ್ಲ. ಕಬ್ಬಿಣ ಮಾತ್ರ ಬೆಳ್ಳಗೆ ಹೊಳೆಯಿತು.

ಅಣ್ಣ ಎರಡೂ ಕೈಯಲ್ಲಿ ಕುಂಬಳಕಾಯಿ ಅವುಚಿಕೊಂಡು ಒಳಗೆ ಬಂದ. ನೋಡಿದ. ಕಾಯನ್ನು ಮೆಲ್ಲಗೆ ನೆಲಕ್ಕಿಟ್ಟ.

“ಹುಣಸೆಹಣ್ಣಾ?”

“ಹೂಂ. ಹೆಸರೇನೂ ಸಿಗ್ಲಿಲ್ಲ ಕಣೋ.”

ಅವನು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. “ಸಿಗಲ್ಲ ಬಿಡು” ಎಂದ. ಟೇಬಲ್ಲಿನ ಹತ್ತಿರ ಬಂದು, “ಚೆನ್ನಾಗಿ ಉಜ್ಜಿದೀಯ ಕಾನ್ವೆಂಟು. ಫುಲ್ ಮಾರ್ಕ್ಸ್. ಕುಂಕುಮ ಕೊಡು” ಎಂದು ಆ ಹೊಳೆಯುವ ಬುಡಕ್ಕೆ ತಾನೇ ಇಟ್ಟ. ಊಟಕ್ಕೆ ಎರಡು ತುತ್ತು ತಿಂದೆದ್ದ. ಅಂಗಡಿಯ ಕ್ಯೂನಲ್ಲಿ ನಿಂತು ಸುಸ್ತಾಗಿದ್ದಾನೆ ಎಂದುಕೊಂಡೆ ನಾನು, ದಡ್ಡಿ.

ಕೆಲವೇ ವಾರಗಳಲ್ಲಿ ಶನಿವಾರದ ನಗು ನಿಂತಿತು. ಜೂಮ್‌ಗೆ ಯಾಕೆ ಕೂರುವುದಿಲ್ಲವೆಂದರೆ, “ಹೆಡ್‌ಫೋನ್ ಹಾಕಿದ್ರೆ ಕಿವಿ ನೋಯುತ್ತೆ” ಎಂದ. ಅರ್ಜಿ ಏನಾಯಿತೆಂದರೆ, “ಈ ಕೊರೊನಾದಲ್ಲಿ ಯಾರು ಬರ್ತಾರೆ ಜಪಾನಿಂದ?” ಎಂದ. ಎರಡೂ ನಂಬುವಂಥ ಮಾತೇ.

ಅದಾದ ಎರಡನೇ ಚಳಿಗಾಲದಲ್ಲಿ ಅಣ್ಣ ಹಾರ್ಟ್ ಅಟ್ಯಾಕ್ ಆಗಿ ಹೋದ. ಅವನ ಕತ್ತಿಗಳನ್ನು ಬಲ್ಲವರ ಕೈಗೆ ಸೇರಿಸಲೆಂದು ಲ್ಯಾನ್ಸಿ ಅಟ್ಲಾಂಟಾದಿಂದ ಡ್ರೈವ್ ಮಾಡಿಕೊಂಡು ಬಂದರು. ಒಂದೊಂದನ್ನೇ ಬಿಚ್ಚಿ ನೋಡುತ್ತಾ ನಾನು ಉಜ್ಜಿದ್ದರ ಹತ್ತಿರ ಬಂದಾಗ ಅವರ ಮುಖ ಸಣ್ಣದಾಯಿತು.

“ಇದು ನೋಡುವಾಗ ಹೊಟ್ಟೆ ಉರಿತದೆ ಅಕ್ಕ. ಈ ತುಕ್ಕೇ ಇದರ ಬರ್ತ್ ಸರ್ಟಿಫಿಕೇಟ್. ಬಣ್ಣ ನೋಡಿ ಪ್ರಾಯ ಹೇಳುದು, ಅರದ ಗೀರು ನೋಡಿ ಯಾರ ಕೆಲಸ ಅಂತ ಹೇಳುದು. ಇದನ್ನೇ ತೆಗೆದ್ರೆ ಮತ್ತೆ ಎಂತ ಉಂಟು? ಬುಡ ಮುಟ್ಟಬಾರ್ದು ಅಂತ ನಮಗೆಲ್ಲ ಕಲಿಸಿದ್ದೇ ಸರ್. ಆ ಸರ್ರೇ ಒಂದು ಶನಿವಾರ ಹೇಳ್ತಾರೆ, ನಾನೇ ಉಜ್ಜಿದೆ, ಬುದ್ಧಿ ಕೆಟ್ಟಿತ್ತು ಅಂತ.”

ನಾನು ಕತ್ತಿಯ ಕೆಳಗಿನ ಬಟ್ಟೆಯ ಸುಕ್ಕು ಸರಿಮಾಡಿದೆ.

“ನನಗೆ ಸಿಟ್ಟು ಬಂತು ಮಾರಾಯ್ರೆ. ಎಲ್ಲರ ಎದುರು ಹೇಳಿದೆ, ಸರ್, ನೀವು ಇನ್ನು ಅಡುಗೆಮನೆ ಚಾಕು ಕಲೆಕ್ಟ್ ಮಾಡಿ ಅಂತ. ಎಲ್ಲ ನಗಾಡಿದ್ರು. ಸರ್ ಕೂಡ ನಗಾಡಿದ್ರು. ಮತ್ತೆ ಬರ್ಲೇ ಇಲ್ಲ.”

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೊರಗೆ ಬಂದ ಮಾತು, “ಕಾಫಿ ತರ್ತೀನಿ.” ಅಡುಗೆಮನೆಯಲ್ಲಿ ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡೆ. ಯಾರೂ ಕೊಳ್ಳದ ಆ ಒಂದು ಕತ್ತಿಯನ್ನು ಲ್ಯಾನ್ಸಿಯೇ ಇಟ್ಟುಕೊಂಡರು. ನಾನು ರಾಕ್‌ವಿಲ್‌ಗೆ ಮರಳಿದೆ. ನನ್ನದೊಂದು ಮೂರ್ಖತನವನ್ನು ಅಣ್ಣ ತನ್ನ ತಲೆಗೆ ಕಟ್ಟಿಕೊಂಡ. ಅವನು ಹೋದ ಮೇಲೂ ನಾನು ಅದನ್ನು ಅಲ್ಲೇ ಬಿಟ್ಟೆ.

ಇಷ್ಟು ಬರೆದು, ಕನ್ನಡಕ ತೆಗೆದಿಟ್ಟು, ಇಂದು ಬೆಳಿಗ್ಗೆ ಅಟ್ಲಾಂಟಾಗೆ ಫೋನ್ ಮಾಡಿದೆ.

“ಲ್ಯಾನ್ಸಿಯವರೇ, ಅಣ್ಣನ ಆ ಕತ್ತಿ ಉಜ್ಜಿದ್ದು ನಾನು. ಅವನು ಮನೇಲಿ ಇರಲಿಲ್ಲ.”

ಆ ಕಡೆ ಟಿವಿಯ ಸದ್ದು. ಅದನ್ನು ಯಾರೋ ಆರಿಸಿದರು.

“ಸರ್ ಒಂದು ಮಾತು ಹೇಳ್ಲಿಲ್ಲಲ್ಲ ಅಕ್ಕ.”

“ನನಗೂ ಹೇಳಲಿಲ್ಲ.”

ಮತ್ತೆ ಮೂರು ವರ್ಷ ನೀವ್ಯಾಕೆ ಸುಮ್ಮನಿದ್ದಿರಿ ಎಂದು ಅವರು ಕೇಳಲೆಂದು ಕಾದೆ. ಬೈದುಬಿಟ್ಟಿದ್ದರೆ ಸುಲಭವಾಗುತ್ತಿತ್ತು. 

“ಈ ಶನಿವಾರ ಎಲ್ಲರಿಗೂ ಹೇಳ್ತೇನೆ” ಎಂದರು. “ನಗಾಡಿದವರೆಲ್ಲ ಇದ್ದಾರೆ, ಎಲ್ಲರಿಗೂ ಹೇಳ್ಬಹುದು. ಆದ್ರೆ ಸರ್ ಹತ್ರ ನಾನು ಸಾರಿ ಹೇಳ್ಲಿಕ್ಕೆ ಎಲ್ಲಿಗೆ ಹೋಗುದು ಅಕ್ಕ?”

ಅಟ್ಲಾಂಟಾದಿಂದ ಅಣ್ಣನ ಮನೆಗೆ ಆರು ಗಂಟೆ ದಾರಿ. ಆ ಮನುಷ್ಯ ಈಗಿಂದೀಗಲೇ ಹೊರಟುಬಿಡುವವರೇ. ಆದರೆ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅಣ್ಣನ ಹೆಸರಿನ ಕಳಂಕ ತೊಳೆಯುವ ಆತುರದಲ್ಲಿ ಈ ಭಾರವನ್ನು ಇನ್ನೊಬ್ಬರ ಎದೆಯ ಮೇಲೆ ಇಡುತ್ತೇನೆಂದು ನನಗೆ ಹೊಳೆದೇ ಇರಲಿಲ್ಲ.

“ನಂಗೂ ಗೊತ್ತಿಲ್ಲ ಲ್ಯಾನ್ಸಿ” ಎಂದೆ. ಮೊದಲ ಸಲ ‘ಅವರೇ’ ಬಿಟ್ಟುಹೋಗಿತ್ತು. ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಇಬ್ಬರಲ್ಲಿ ಯಾರೂ ಫೋನ್ ಇಡಲಿಲ್ಲ.