ಹೂವಣ್ಣಗೌಡರ ದೊರೆ ಕಾರು

ಹೂವಣ್ಣಗೌಡರು ಕಾರು ಹತ್ತುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಬಿಟ್ಟದ್ದನ್ನು ಎತ್ತಿಕೊಳ್ಳುವುದು ಮಾತ್ರ ನೆನಪಾಗುತ್ತಿರಲಿಲ್ಲ. ಸಕಲೇಶಪುರದ ಗೊಬ್ಬರದ ಅಂಗಡಿಯೆದುರು ಒಂದು ಜೊತೆ, ಹಲ್ಲಿನ ಡಾಕ್ಟರ ಮೆಟ್ಟಿಲ ಕೆಳಗೆ ಇನ್ನೊಂದು ಜೊತೆ ಉಳಿದುಬಿಡುತ್ತಿದ್ದವು. ಗೌಡರು ಬರಿಗಾಲಲ್ಲಿ ಬೆಳಗೋಡಿಗೆ ಮರಳಿದ ಮೇಲೆ, ಸಂಜೆಯ ಬಸ್ಸಿನ ಕಂಡಕ್ಟರು ಚಪ್ಪಲಿಗಳನ್ನು ತಂದು ಅವರ ಗೇಟಿನ ಬಳಿ ಇಳಿಸಿ ಹೋಗುತ್ತಿದ್ದ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಬೆಳಗೋಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಗೌಡರ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೌಡರಿಗೆ ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ. ದೋಣಿಗಲ್ಲಿನ ಲಾರಿ ಮಾಲೀಕ ಇಬ್ರಾಹಿಂ ಸಾಹೇಬರ ಶೆಡ್ಡಿನಲ್ಲಿ ಕಾಫಿ ಹೊಟ್ಟಿನ ಮೂಟೆಗಳಡಿ ಬಿದ್ದಿದ್ದ ದುಂಡು ಮೂತಿಯ ಹಸಿರು ವಿಲಾಯತಿ ಕಾರನ್ನು ಅವರು ಕೊಂಡು ತಂದಿದ್ದರು. ದಿನಾ ಬೆಳಿಗ್ಗೆ ತಾವೇ ಒರೆಸುತ್ತ, "ಮೇಷ್ಟ್ರೇ, ಇದು ಬಿಳೀ ದೊರೆ ಓಡಿಸಿದ ಕಾರು ಕಣ್ರೀ. ಸೀಟಿನ ವಾಸ್ನೆ ನೋಡಿ, ಗೊತ್ತಾಯ್ತದೆ" ಎನ್ನುವರು. ನಾನು ನೋಡಿದ್ದೆ. ನನಗೆ ಹೊಟ್ಟಿನ ವಾಸನೆಯೇ ಬಂದಿತ್ತು.

ಅವರ ಹೆಂಡತಿ ಸುಶೀಲಕ್ಕ ಮಾತ್ರ ಆ ಕಾರಿಗೆ ಕಾಲಿಟ್ಟವರಲ್ಲ. ಕೇಳಿದರೆ, "ನಂಗೆ ಬಸ್ಸೇ ಸರಿ" ಎಂದು ಒಳಗೆ ಹೋಗಿಬಿಡುವರು.

ಒಂದು ದಿನ ಹೋಟೆಲಿನಲ್ಲಿ ಯಾರೋ, "ದೊರೆ ಕಾರೂ ಅಲ್ಲ, ಎಂಥದ್ದೂ ಅಲ್ಲ. ಕೋಳಿ ಸಾಗಿಸ್ತಿದ್ದ ಗಾಡಿ ಇರ್ಬೇಕು" ಎಂದರಂತೆ. ಗೌಡರಿಗೆ ಎರಡು ದಿನ ಊಟ ಸೇರಲಿಲ್ಲ. ಭಾನುವಾರ ನನ್ನ ಬಾಗಿಲು ಬಡಿದು, "ಏಳಿ ಮೇಷ್ಟ್ರೇ. ಹಿಂದಿನ ಓನರ್‌ಗಳನ್ನೆಲ್ಲ ಹುಡುಕ್ಬುಡಣ. ನೀವು ಸಾಕ್ಷಿಗೆ" ಎಂದರು.

ಮೊದಲು ದೋಣಿಗಲ್ಲಿಗೆ ಹೋದೆವು. ಇಬ್ರಾಹಿಂ ಸಾಹೇಬರು ಗಡ್ಡ ನೀವಿಕೊಂಡರು. "ಮಗ್ಗೆ ಧರ್ಮಪ್ಪನೋರ ಹತ್ರ ತಗೊಂಡಿದ್ದು ಗೌಡ್ರೇ. ದೊರೆ ಗಿರೆ ನಂಗೊತ್ತಿಲ್ಲ. ನಮ್ಮನೇಲಿದ್ದಾಗ ಹಿಂದಿನ ಸೀಟಲ್ಲಿ ಆಡು ಮರಿ ಹಾಕಿತ್ತು. ಅದಷ್ಟು ಖಾತ್ರಿ."

ವಾಪಸು ಬರುವಾಗ ಗೌಡರು, "ಆಡಿನ ವಿಷ್ಯ ಹೋಟ್ಲಲ್ಲಿ ಎತ್ತಬ್ಯಾಡಿ" ಎಂದಷ್ಟೇ ಹೇಳಿದರು.

ಮುಂದಿನ ಭಾನುವಾರ ಮಗ್ಗೆಗೆ ಎಂದಾಗ ಸುಶೀಲಕ್ಕ ಸೌಟು ಹಿಡಿದೇ ಜಗಲಿಗೆ ಬಂದರು. "ಮಗ್ಗೆಗೆ ಯಾಕೆ? ಕಾರು ಓಡ್ತಾ ಐತಲ್ಲ, ಸಾಲ್ದಾ?"

"ಮರ್ಯಾದೆ ಪ್ರಶ್ನೆ ಕಣೇ" ಎಂದು ಗೌಡರು ಹೊರಟೇಬಿಟ್ಟರು.

ಮಗ್ಗೆಯ ಧರ್ಮಪ್ಪ ದಪ್ಪ ಮೀಸೆಯ, ನಗುಮುಖದ ಮನುಷ್ಯ. ಕಾರು ಕಂಡೊಡನೆ ಅಂಗಳಕ್ಕಿಳಿದು ಬಂದು ಅದರ ಮೂತಿ ಸವರಿದರು. ಕಾಫಿ ಕೊಟ್ಟು ಕತೆ ಹೇಳಿದರು. ಎಸ್ಟೇಟ್ ಬಿಟ್ಟು ಹೋಗುವಾಗ ಬಿಳೀ ದೊರೆ ಕಾರನ್ನು ತನ್ನ ಬಟ್ಲರನಿಗೆ ಕೊಟ್ಟು ಹೋದನಂತೆ. ಬಟ್ಲರನಿಂದ ಧರ್ಮಪ್ಪನ ತಂದೆ ಕೊಂಡಿದ್ದರಂತೆ. ಗೌಡರು ನನ್ನ ತೊಡೆ ಹಿಂಡಿದರು. "ಕೇಳಿಸ್ಕೊಂಡ್ರಾ ಮೇಷ್ಟ್ರೇ?"

ಅಲ್ಲಿಗೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಧರ್ಮಪ್ಪ ಮುಂದುವರಿಸಿದರು. "ಆದ್ರೆ ನಂಗೆ ಈ ಕಾರಿಂದ ಒಂದು ನಷ್ಟ ಆಯ್ತು ಕಣ್ರೀ. ಇದ್ರಲ್ಲೇ ಹೆತ್ತೂರು ಕಡೆಗೆ ಹೆಣ್ಣು ನೋಡಕ್ಕೆ ಹೋಗಿದ್ದೆ. ಹುಡುಗಿ ಭಾಳ ಚಂದಿದ್ಲು. ಎಲ್ಲಾ ಒಪ್ಗೆ ಆಗಿ ಹೊರಟ್ರೆ ಕಾರು ಸ್ಟಾರ್ಟೇ ಆಗ್ಲಿಲ್ಲ. ಹೆಣ್ಣಿನ ಅಪ್ಪ, ಚಿಕ್ಕಪ್ಪ ಎಲ್ಲಾ ತಳ್ಳಿದ್ರು. ಅಪಶಕುನ ಅಂತ ಸಂಬಂಧ ಬುಟ್‌ಬುಟ್ರು."

"ಯಾರ ಮನೆ ಹೆಣ್ಣು?" ನಾನು ಸುಮ್ಮನೆ ಕೇಳಿದೆ.

"ತಮ್ಮಣ್ಣಗೌಡ್ರು ಅಂತ. ಒಬ್ಳೇ ಮಗಳು."

ತಮ್ಮಣ್ಣಗೌಡರು ಹೂವಣ್ಣಗೌಡರ ಮಾವ, ಸುಶೀಲಕ್ಕನ ತಂದೆ. ಗೌಡರ ಲೋಟ ತುಟಿಯ ಹತ್ತಿರವೇ ನಿಂತಿತು. ಆಮೇಲೆ ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಬರ್ತೀವಿ" ಎಂದು ಎದ್ದರು.

ಮನೆ ಮುಟ್ಟಿದಾಗ ಸುಶೀಲಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗೌಡರು ಎದುರಿಗೆ ಕುಕ್ಕರಿಸಿದರು.

"ನಿಂಗೆ ಗೊತ್ತಿತ್ತೇನೇ?"

"ಅಂಗಳಕ್ಕೆ ಬಂದ ದಿನವೇ ಗುರುತು ಸಿಕ್ತು."

"ಅವತ್ತು ಕಾರು ಕೆಡದೇ ಇದ್ದಿದ್ರೆ ನೀನು ಮಗ್ಗೆ ಸೊಸೆ ಆಗ್ತಿದ್ದೆ."

"ಅದೇನು ತಾನಾಗೇ ಕೆಡ್ತಾ?" ಸುಶೀಲಕ್ಕ ಕಾಯಿಂದ ಕಣ್ಣೆತ್ತಲಿಲ್ಲ. "ಎಲ್ರೂ ಒಳಗೆ ತಿಂಡಿ ತಿಂತಿದ್ರು. ನಾನು ಹಿತ್ತಲ ಕಡೆಯಿಂದ ಬಂದು, ಹೊಗೆ ಬರೋ ಕೊಳವೆಗೆ ಎರಡು ಮುಷ್ಟಿ ಸಗಣಿ ತುರುಕಿ ಕೈ ತೊಳ್ಕಂಡೆ."

ಗೌಡರ ಮುಖ ಅರಳಿತು. "ಯಾಕೇ? ಮನುಷ್ಯ ಒಳ್ಳೇನು ಕಂಡ್ನಲ್ಲ."

"ಒಳ್ಳೇನೇ. ಆದ್ರೆ ನಾನು ಕಾಫಿ ತಂದು ಎದುರು ನಿಂತ್ರೆ, ಆವಯ್ಯ ಕಿಟಕೀಲಿ ಕಾರು ನೋಡ್ತಾ ಕೂತಿದ್ದ. ಕಾರು ನೋಡ್ಕಂಡು ಕೂರೋ ಗಂಡು ಬ್ಯಾಡ ಅನ್ನಿಸ್ತು. ನೀವು ನಡ್ಕಂಡು ಬಂದ್ರಿ, ನೆಟ್ಟಗೆ ನನ್ನ ಮುಖ ನೋಡಿದ್ರಿ. ಒಪ್ಪಿದೆ." ಅಂಗಳದಲ್ಲಿ ಮಿನುಗುತ್ತಿದ್ದ ಕಾರಿನತ್ತ ಗಲ್ಲ ಎತ್ತಿ ತೋರಿಸಿದರು. "ಈಗ ನೋಡಿ ನನ್ನ ಹಣೆಬರಹ."

ನಾನು ನಗು ತಡೆಯಲಾರದೆ ಕೋಣೆ ಸೇರಿದೆ. ಮರುದಿನ ಬೆಳಿಗ್ಗೆ ಕಾರು ಒರೆಸುವ ಸದ್ದು ಕೇಳಲಿಲ್ಲ. ಗೌಡರು ಹೆಂಡತಿಯ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆ ವಾರವೇ ಸುಶೀಲಕ್ಕ ಮೊದಲ ಬಾರಿಗೆ ಕಾರು ಹತ್ತಿ ಪೇಟೆಗೆ ಹೋಗಿಬಂದರು.

ನನಗೆ ವರ್ಗವಾಗಿ ಕೆಲವು ವರ್ಷಗಳ ಮೇಲೆ ಗೌಡರನ್ನು ಕಡೆಯದಾಗಿ ಕಂಡದ್ದು ಹಾಸನದ ಆಸ್ಪತ್ರೆಯಲ್ಲಿ. ತುಂಬ ಇಳಿದುಹೋಗಿದ್ದರು. "ಮೇಷ್ಟ್ರೇ, ಮುಂದೆ ಯಾರಾದ್ರೂ ನಮ್ಮ ಹಂಗೇ ಈ ಕಾರಿನ ಹಳೇ ಓನರ್‌ಗಳನ್ನ ಹುಡುಕ್ಕೊಂಡು ಬಂದ್ರೆ, ನನ್ನ ಬಗ್ಗೆ ಏನು ಹೇಳ್ತೀರಿ?"

"ಒಳ್ಳೆಯವರು ಅಂತೀನಿ."

"ಅದು ಎಲ್ರಿಗೂ ಅಂತಾರೆ. ಇಬ್ರಲ್ಲಿ ಆರಿಸಿ ಒಪ್ಕೊಂಡ ಗಂಡ ಅನ್ನಿ."

ಮಂಚದ ಪಕ್ಕ ಕಿತ್ತಲೆ ಬಿಡಿಸುತ್ತಿದ್ದ ಸುಶೀಲಕ್ಕ, "ಬಾಯಿ ತೆಗೀರಿ ಸಾಕು" ಎಂದು ಒಂದು ತೊಳೆ ಅವರ ಬಾಯಿಗಿಟ್ಟರು.

ಗೌಡರು ಆ ಮಳೆಗಾಲ ಕಳೆಯಲಿಲ್ಲ. ಕಾರು ಘಟ್ಟ ಇಳಿದು ಮಂಗಳೂರಿನವರ ಪಾಲಾಯಿತೆಂದು ಕೇಳಿದೆ. ಇದುವರೆಗೆ ಯಾರೂ ಅವರ ಬಗ್ಗೆ ನನ್ನನ್ನು ಕೇಳಿಕೊಂಡು ಬಂದಿಲ್ಲ.