ವೈನಿ ಬಿಟ್ಟ ಪಾಠ

ಮೊನ್ನೆ ಚಿಕ್ಕೋಡಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸಿನ ಸೀರೆಯಿಂದ ತಂಬಾಕಿನ ಘಾಟು ಬಂತು. ನಿಪ್ಪಾಣಿಯವರಿಗೆ ಅದೇನು ಹೊಸದಲ್ಲ. ತಂಬಾಕು ತುಂಬಿಡುವ ವಖಾರಿಗಳ ಕಡೆಯಿಂದ ಗಾಳಿ ಬೀಸಿದರೆ ಊರಿಗೆ ಊರೇ ಸೀನುತ್ತದೆ. ಆದರೂ ನನಗೆ ಕೂರಲಾಗಲಿಲ್ಲ. ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ. ಇಷ್ಟು ವರ್ಷಗಳಾದ ಮೇಲೂ...

ಸಾಲುಮನೆಗಳ ಚಾಳಿನಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ವೈನಿಯದು. ಎಲ್ಲರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ಒಂದು ಹೆಣ್ಣುಕೂಸಿನ ತಾಯಿ. ಗಂಡ ತಂಬಾಕಿನ ವಖಾರಿಯಲ್ಲಿ ಹಮಾಲ. ತವರು ಬೇಡಕಿಹಾಳದ ಕಡೆ. ಅಲ್ಲಿ ಓದಿದ್ದೆಲ್ಲ ಮರಾಠಿ ಸಾಲಿಯಲ್ಲಿ. ಎಂಬತ್ತರ ದಶಕದ ಮೊದಲಿನ ಆ ಎರಡು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಟಿ.ಸಿ.ಎಚ್. ಓದಲು ಹೋಗುತ್ತಿದ್ದೆವು. ಅದು ಪಾಸಾದರೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಬಹುದಿತ್ತು.

ಅವರನ್ನು ಓದಲು ಬಿಟ್ಟಿದ್ದು ಅತ್ತೆ, ಅದೂ ಒಂದು ಕರಾರಿನ ಮೇಲೆ. ಚಾಳಿನ ನಳದ ಮುಂದೆ ಎಲ್ಲರ ಎದುರೇ ಹೇಳಿದ್ದರು: "ಎರಡ ವರ್ಷ ಓದ. ಒಮ್ಮೆ ಪರೀಕ್ಷಾ ಕುಂಡ್ರ. ಆಗ್ಲಿಲ್ಲಂದ್ರ ಸುಮ್ಮನ ವಖಾರಿಗೆ ನಡಿ."

ವೈನಿ ತಲೆಯಾಡಿಸಿದ್ದರು.

ನನಗೆ ಗಣಿತ ಬರುತ್ತಿರಲಿಲ್ಲ, ಅವರು ಕಲಿಸಿದರು. ಮನೋವಿಜ್ಞಾನದ ಪಾಠಗಳನ್ನು ಅವರು ತಮ್ಮ ಕೂಸಿನ ಹಟ, ಅಳು ತೋರಿಸಿಯೇ ಬಿಡಿಸಿ ಹೇಳುತ್ತಿದ್ದರು. ಅದಕ್ಕೆ ಬದಲಾಗಿ ನಾನು ಕನ್ನಡ ಹೇಳಿಕೊಡಬೇಕು. ಅವರ ಮಾತಿಗೇನೂ ಕೊರತೆ ಇರಲಿಲ್ಲ. ಬರೆಯುವಾಗ ಮಾತ್ರ ಕೈ ತಡವರಿಸುತ್ತಿತ್ತು.

ಅಭ್ಯಾಸ ಪಾಠಕ್ಕೆಂದು ನಮ್ಮನ್ನು ಒಂದು ಶಾಲೆಗೆ ಕಳಿಸಿದರು. ವೈನಿ ಬುತ್ತಿಯ ಗಂಟು ಬಿಚ್ಚಿ, ಜೋಳದ ಭಕ್ರಿಯನ್ನು ನಾಲ್ಕು ತುಂಡು ಮಾಡಿ, ಒಂದನ್ನು ಎತ್ತಿ ಹಿಡಿದು, "ಪಾವು ಅಂದ್ರ ಎಷ್ಟ?" ಎಂದು ಕೇಳಿದರು. ಭಿನ್ನರಾಶಿ ಅರ್ಥವಾಗದ ಒಂದು ಮಗುವೂ ಆ ಕೋಣೆಯಲ್ಲಿ ಉಳಿಯಲಿಲ್ಲ. ನನ್ನ ಪಾಠದ ಹೊತ್ತಿಗೆ ಮಕ್ಕಳು ಕಿಟಕಿಯ ಹೊರಗೆ ನೋಡುತ್ತಿದ್ದರು. "ಕಲಸೂದಂದ್ರ ಆಕೀನ್ನ ನೋಡಿ ಕಲೀರಿ" ಎಂದರು ನಮ್ಮ ಸರ್. ಎಲ್ಲರ ಜೊತೆ ನಾನೂ ಚಪ್ಪಾಳೆ ಹೊಡೆದೆ. ಹೊಟ್ಟೆಯೊಳಗೆ ಏನೋ ಹೊಗೆಯಾಡಿತು.

ಮನೆಯಲ್ಲಿ ಅವ್ವ ಅದಕ್ಕೆ ಗಾಳಿ ಹಾಕಿದಳು. "ನೌಕರಿ ಕೊಡೂದು ಮಾರ್ಕ್ಸ್ ನೋಡಿ. ಆಕಿ ನಿನಗಿಂತ ಮುಂದ ಹೋದ್ರ ನೀ ಮನ್ಯಾಗ ಕುಂಡ್ರತಿ. ಎಲ್ಲಾ ಹೇಳಿಕೊಡಾಕತ್ತೀಯಲ್ಲ, ಶ್ಯಾಣ್ಯಾಕಿ!"

ಕೊನೆಯ ವರ್ಷದ ಪರೀಕ್ಷೆಗೆ ಎರಡು ವಾರ ಇರುವಾಗ ವೈನಿಯ ಕೂಸಿಗೆ ಜ್ವರ ಬಂತು. ಅವತ್ತು ಅವರು ಕಾಲೇಜಿಗೆ ಬರಲಿಲ್ಲ. ಅವತ್ತೇ ಕನ್ನಡದ ಸರ್, ಏನು ಬಿಟ್ಟರೂ ವ್ಯಾಕರಣ ಬಿಡಬೇಡಿ, ಸಂಧಿ ಸಮಾಸ ಬಂದೇ ಬರುತ್ತವೆ ಎಂದು ಗುರುತು ಹಾಕಿಸಿದರು. ಸಂಜೆ ವೈನಿ ಕೂಸನ್ನು ಹೆಗಲಿಗೆ ಹಾಕಿಕೊಂಡೇ ನಮ್ಮ ಹೊಸ್ತಿಲಿಗೆ ಬಂದರು.

"ತಂಗಿ, ಈ ಸಮಾಸ ತಲೀಗೆ ಹತ್ತವಲ್ದು. ಸರ್ ಏನರ ಹೇಳಿದ್ರೇನ?"

ಒಳಗೆ ಅವ್ವ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತಿದ್ದು ನನಗೆ ಕಾಣಿಸಿತು.

"ಇಲ್ರಿ ವೈನಿ, ಏನೂ ಹೇಳ್ಲಿಲ್ಲ. ವ್ಯಾಕರಣ ಬಿಡ್ರಿ, ಈ ಸಲ ಬರೂದಿಲ್ಲ. ನಿಬಂಧ ಓದ್ರಿ."

"ಬರಂ ಝಾಲಂ! ಚಲೋ ಆತ, ತಲೀ ಮ್ಯಾಲಿನ ಕಲ್ಲ ಇಳಿಸಿದಿ ನೋಡ" ಎಂದು ನಕ್ಕು ಹೋದರು. ಕರೆದು ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಹದಿನಾಲ್ಕು ದಿನ ಇದ್ದವು...

ಪರೀಕ್ಷೆಯಲ್ಲಿ ವ್ಯಾಕರಣ ಬಂತು. ನಾನು ತಲೆ ಎತ್ತದೆ ಬರೆದೆ.

ಫಲಿತಾಂಶ ಹಚ್ಚಿದ ದಿನ ವೈನಿ ಎಲ್ಲದರಲ್ಲೂ ನನಗಿಂತ ಮುಂದಿದ್ದರು, ಕನ್ನಡ ಒಂದನ್ನು ಬಿಟ್ಟು. ಅದರಲ್ಲಿ ನಾಲ್ಕು ಅಂಕ ಕಡಿಮೆಯಾಗಿ ಫೇಲಾಗಿದ್ದರು. ಮತ್ತೊಮ್ಮೆ ಬರೆಯಲು ಅವಕಾಶವಿತ್ತು. ಅತ್ತೆಯ ಕರಾರಿನಲ್ಲಿ ಇರಲಿಲ್ಲ. ಮರುವಾರ ತಲೆಗೆ ಬಟ್ಟೆ ಕಟ್ಟಿಕೊಂಡು, ತಂಬಾಕು ಹಸನು ಮಾಡುವ ಹೆಂಗಸರ ಜೊತೆ ವಖಾರಿಗೆ ಹೊರಟರು. ಹೋಗುವ ಮುಂಚೆ ಒಂದು ರಟ್ಟಿನ ಡಬ್ಬಿ ತಂದು ನನ್ನ ಕೈಗಿಟ್ಟರು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಗೆ ಚಿತ್ರ ಬರೆದು, ಎರಡು ವರ್ಷ ಕೂತು ಅವರು ಮಾಡಿದ್ದ ಅಕ್ಷರದ ಪಟ್ಟಿಗಳು. "ನಿನ್ನ ಸಾಲ್ಯಾಗ ಬೇಕಾಗ್ತಾವ" ಎಂದರು.

ನನಗೆ ಕರೋಶಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ಆ ಪಟ್ಟಿಗಳನ್ನು ಹಿಡಿದೇ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸಿದೆ. ತಪಾಸಣೆಗೆ ಬಂದ ಸಾಹೇಬರು ಮೆಚ್ಚಿ, "ಯಾರ ಮಾಡಿದ್ದು?" ಎಂದಾಗ, "ನಾನ ರಿ" ಎಂದೆ. ಆ ಸುಳ್ಳಿಗೆ ಅವ್ವನೂ ಗಾಳಿ ಹಾಕಿರಲಿಲ್ಲ.

ಆರೇಳು ವರ್ಷಗಳ ಮೇಲೆ ತಡೆಯಲಾಗದೆ ಒಂದು ಮಧ್ಯಾಹ್ನ ವಖಾರಿಗೆ ಹೋದೆ. ವೈನಿ ಊಟದ ಹೊತ್ತಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ರೆಪ್ಪೆಯ ಮೇಲೂ ಪುಡಿ, ಮಾತಿಗೊಮ್ಮೆ ಕೆಮ್ಮು.

"ವೈನಿ, ಅವತ್ತ ಸರ್ ವ್ಯಾಕರಣ ಬರ್ತೈತಿ ಅಂತ ಹೇಳಿದ್ರು..."

"ಗೊತ್ತೈತಿ" ಎಂದರು. "ಪರೀಕ್ಷಾ ಮುಗದ ದಿವ್ಸಾನ ಬ್ಯಾರೇ ಹುಡುಗ್ಯಾರು ಹೇಳಿದ್ರು."

"ಗೊತ್ತಿದ್ದೂ ಆ ಪಟ್ಟಿ ನನಗ ಯಾಕ ಕೊಟ್ರಿ?"

"ನಿನಗೆಲ್ಲಿ ಕೊಟ್ನಿ? ಅವು ಹುಡುಗರ ಸಲುವಾಗಿ ಮಾಡಿದ್ವು." ಭಕ್ರಿಯ ತುಣುಕನ್ನು ಬಟ್ಟೆಯಲ್ಲಿ ಸುತ್ತಿಟ್ಟು ಎದ್ದರು. "ನಡಿ, ನನಗ ಕೆಲಸ ಐತಿ."

ಸಿಟ್ಟು ಮಾಡಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ಅವರು ಒಳಗೆ ಹೋದರು. ತಪ್ಪಾಯಿತು ಎಂಬ ಒಂದು ಮಾತನ್ನು ಹೇಳದೆಯೇ ನಾನು ಮರಳಿದೆ, ಇನ್ನೊಮ್ಮೆ ಬಂದರಾಯಿತು ಎಂದುಕೊಂಡು. ಆ ಇನ್ನೊಮ್ಮೆಯನ್ನು ವರ್ಷಗಟ್ಟಲೆ ಮುಂದೆ ದೂಡಿದೆ. ಕೊನೆಗೆ ಸುದ್ದಿ ಬಂದಾಗ ವೈನಿ ಮಣ್ಣಾಗಿ ಮೂರು ತಿಂಗಳಾಗಿತ್ತು.

ನಾನು ನಿವೃತ್ತಳಾದ ದಿನ ಶಾಲೆಯವರು ಶಾಲು ಹೊದಿಸಿ, ಇಂಥ ಪ್ರಾಮಾಣಿಕ ಶಿಕ್ಷಕಿ ಸಿಗುವುದು ಅಪರೂಪ ಎಂದರು. ನಾನು ಎದ್ದು ನಿಂತು ಕೈ ಮುಗಿದೆ. ಅಲ್ಲ ಎಂದು ಹೇಳಬಲ್ಲವರು ಒಬ್ಬರಿದ್ದರು. ಅವರೂ ಈಗಿಲ್ಲ.